ದ್ವೀಪದ ಕಾಡು, ದ್ವೀಪದ ನೀರು



ದ್ವೀಪ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕ್ಯಾಲೆಂಡರಿನ ಚಿತ್ರ. ಬಿಳಿ ಮರಳು, ಓರೆಯಾಗಿ ಬಾಗಿದ ತೆಂಗಿನ ಮರ, ದಡದಲ್ಲಿ ಒಂದು ದೋಣಿ. ಆ ಚಿತ್ರದಲ್ಲಿ ಕೊಡಪಾನ ಹೊತ್ತ ಹೆಂಗಸನ್ನು ಯಾರೂ ಬರೆದಿರುವುದಿಲ್ಲ. ಆದರೆ ದ್ವೀಪದ ಹಳ್ಳಿಯಲ್ಲಿ ಬೆಳಗಾದರೆ ಮೊದಲ ಚಿಂತೆ ಆ ಕೊಡಪಾನದ್ದೇ. ಸುತ್ತ ಕಣ್ಣು ಹಾಯುವಷ್ಟು ದೂರ ಸಮುದ್ರ. ಅನ್ನ ಬೇಯಿಸಲು ಬೇಕಾದ ಎರಡು ಚೆಂಬು ಸಿಹಿನೀರಿಗೆ ಮಾತ್ರ ಮಳೆಯನ್ನು ಕಾಯಬೇಕು.

ಇಂಥ ಹಳ್ಳಿಗಳಲ್ಲಿ ಕಳೆದ ಮೂರೂವರೆ ದಶಕಗಳಿಂದ ಒಂದು ಬಗೆಯ ಕೊಡುಕೊಳ್ಳುವ ವ್ಯವಹಾರ ನಡೆದು ಬಂದಿದೆ. ಹಳ್ಳಿಯವರು ತಮ್ಮ ಕಾಡನ್ನೋ, ಹವಳದ ದಿಬ್ಬವನ್ನೋ ಇಷ್ಟು ವರ್ಷ ಕಡಿಯುವುದಿಲ್ಲ, ಕೆಡಿಸುವುದಿಲ್ಲ ಎಂದು ಮಾತು ಕೊಡುತ್ತಾರೆ. ಅದಕ್ಕೆ ಬದಲಾಗಿ ಹೊರಗಿನ ಸಂಸ್ಥೆಯೊಂದು ಊರಿಗೆ ಇಲ್ಲದ್ದನ್ನು ಕಟ್ಟಿಸಿಕೊಡುತ್ತದೆ. ಒಂದು ಕಡೆ ಶಾಲೆ, ಇನ್ನೊಂದು ಕಡೆ ನೀರಿನ ತೊಟ್ಟಿ, ಮತ್ತೊಂದು ಕಡೆ ಒರತೆಯಿಂದ ಮನೆಯವರೆಗೆ ಕೊಳವೆ. ಕೇಳಲು ಚೆನ್ನಾಗಿದೆ. ಇಬ್ಬರಿಗೂ ಲಾಭ ಎಂದು ತೋರುತ್ತದೆ. ಇದು ಎಷ್ಟರ ಮಟ್ಟಿಗೆ ನಿಜ, ಎಲ್ಲಿ ಎಡವುತ್ತದೆ ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ದ್ವೀಪದಲ್ಲಿ ಸಿಹಿನೀರು ಇರುವುದಾದರೂ ಹೇಗೆ ಎಂಬುದನ್ನು ನೋಡೋಣ. ಅದು ತಿಳಿಯದೆ ಈ ವ್ಯವಹಾರದ ಬೆಲೆ ತಿಳಿಯುವುದಿಲ್ಲ.

ಮರಳು, ಹವಳದ ಕಲ್ಲುಗಳ ನೆಲದ ಮೇಲೆ ಬಿದ್ದ ಮಳೆ ಒಳಗೆ ಇಂಗುತ್ತದೆ. ಒಳಗೆ ಆಗಲೇ ನಾಲ್ಕೂ ಕಡೆಯಿಂದ ನುಸುಳಿ ಬಂದ ಸಮುದ್ರದ ಉಪ್ಪುನೀರು ಇರುತ್ತದೆ. ಉಪ್ಪುನೀರು ಭಾರ, ಮಳೆನೀರು ಹಗುರ. ಹೀಗಾಗಿ ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವಂತೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ದ್ವೀಪದ ನಡುವೆ ದಪ್ಪ, ಅಂಚಿನಲ್ಲಿ ತೆಳು. ಭೂತಗನ್ನಡಿಯ ಮಸೂರದ ಆಕಾರ. ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರೇ ಇರಬೇಕು ಎಂಬುದು ಲೆಕ್ಕ. ಡಚ್ಚರ ಬಾಡನ್ ಗೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಎಂಬ ಇಬ್ಬರು, ಒಬ್ಬರನ್ನೊಬ್ಬರು ಅರಿಯದೆ, ನೂರು ವರ್ಷಗಳಿಗೂ ಹಿಂದೆ ಕಂಡುಕೊಂಡ ಲೆಕ್ಕ ಇದು. ಎಣ್ಣೆಯ ಹೋಲಿಕೆ ಒಂದು ವಿಷಯದಲ್ಲಿ ತಪ್ಪುತ್ತದೆ. ಎಣ್ಣೆ ಸಾರಿನಲ್ಲಿ ಬೆರೆಯುವುದಿಲ್ಲ, ಇಲ್ಲಿ ಎರಡು ನೀರೂ ನಡುವೆ ಬೆರೆಯುತ್ತವೆ. ಆದ್ದರಿಂದ ಕಿರಿದಾದ ಹವಳ ದ್ವೀಪಗಳಲ್ಲಿ ಈ ಮಸೂರ ಲೆಕ್ಕದಲ್ಲಿ ಹೇಳಿದ್ದಕ್ಕಿಂತ ಎಷ್ಟೋ ತೆಳುವಾಗಿರುತ್ತದೆ.

ಈ ಲೆಕ್ಕವನ್ನು ತಿರುಗಿಸಿ ನೋಡಿ, ಭಯ ಹುಟ್ಟುತ್ತದೆ. ಪಂಪು ಹಾಕಿ ಮೇಲಿನ ಮಟ್ಟವನ್ನು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಂದರೆ 25 ಸೆಂಟಿಮೀಟರ್ ಇಳಿಸಿದಿರಿ ಎನ್ನಿ. ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ ಹತ್ತು ಮೀಟರ್ ಮೇಲೇರಲು ಹವಣಿಸುತ್ತದೆ. ನಮ್ಮ ಕರಾವಳಿಯಲ್ಲಿ ಕಡಲಿಗೆ ಹತ್ತಿರದ ಬಾವಿಗಳು ಬೇಸಿಗೆಯ ಕೊನೆಯಲ್ಲಿ ಉಪ್ಪಾಗುವುದನ್ನು ಕಂಡವರಿಗೆ ಇದು ಹೊಸದಲ್ಲ. ನಮಗೆ ಬೆನ್ನ ಹಿಂದೆ ಗುಡ್ಡಗಳಿವೆ, ಗುಡ್ಡದಿಂದ ಹೊಳೆ ಬರುತ್ತದೆ. ಹವಳ ದ್ವೀಪದವರಿಗೆ ಬೆನ್ನ ಹಿಂದೆ ಇರುವುದೂ ಕಡಲೇ.

ಎಲ್ಲ ದ್ವೀಪಗಳೂ ಒಂದೇ ತೆರನಲ್ಲ. ಜ್ವಾಲಾಮುಖಿಯಿಂದ ಎದ್ದ ಎತ್ತರದ ದ್ವೀಪಗಳಲ್ಲಿ ಬೆಟ್ಟವಿದೆ, ಕಾಡಿದೆ, ಕಾಡಿನ ಕೆಳಗೆ ಒರತೆಯಿದೆ. ಅಲ್ಲಿ ಕಾಡು ಕಡಿದರೆ ಮಣ್ಣು ಕೊಚ್ಚಿ ಒರತೆ ಕೆಂಪಾಗುತ್ತದೆ. ಆ ಕೆಂಪು ನೀರು ಕಡಲಿಗೆ ಇಳಿದು ಹವಳವನ್ನು ಮುಚ್ಚುತ್ತದೆ, ಮೀನೂ ಹೋಗುತ್ತದೆ. ತಗ್ಗಿನ ಹವಳ ದ್ವೀಪಗಳ ಕತೆ ಬೇರೆ. ಅಲ್ಲಿ ತೆಂಗಿನ ಬೇರು ನೇರವಾಗಿ ಆ ತೆಳು ಮಸೂರಕ್ಕೇ ಇಳಿದು ನೀರು ಹೀರುತ್ತದೆ. ಮರ ಹೆಚ್ಚಾದರೆ ನೀರು ಹೆಚ್ಚು ಎಂಬ ಮಾತನ್ನು ಅಲ್ಲಿ ಹೇಳುವಂತಿಲ್ಲ. ಅಲ್ಲಿ ಕಾಪಾಡಬೇಕಾದದ್ದು ಮರಕ್ಕಿಂತ ಹೆಚ್ಚಾಗಿ ನೆಲವನ್ನು. ಆ ನೆಲದ ಮೇಲೆ ಮನೆ, ಹಂದಿಗೂಡು, ಕಕ್ಕಸುಗುಂಡಿ ಬರದಂತೆ ನೋಡಿಕೊಳ್ಳುವುದನ್ನು. ಎಲ್ಲ ದ್ವೀಪಕ್ಕೂ ಒಂದೇ ಒಪ್ಪಂದದ ನಮೂನೆ ಹಿಡಿದುಕೊಂಡು ಹೋಗುವವರು ಈ ವ್ಯತ್ಯಾಸ ಮರೆಯಬಾರದು.

ಈಗ ವ್ಯವಹಾರದ ಮೂಲಕ್ಕೆ ಬರೋಣ. ಅದು ಶುರುವಾದದ್ದು ಕುಡಿಯುವ ನೀರಿನಿಂದಲ್ಲ, ಒಂದು ಶಾಲೆಯಿಂದ.

ಪೆಸಿಫಿಕ್ ಸಾಗರದ ನಡುವೆ, ಹವಾಯಿಗೂ ನ್ಯೂಜಿಲೆಂಡಿಗೂ ಮಧ್ಯೆ, ಸಮೋವಾ ಎಂಬ ಪುಟ್ಟ ದೇಶವಿದೆ. 1962ರಲ್ಲಿ ಸ್ವತಂತ್ರವಾಯಿತು. ಅದರ ದೊಡ್ಡ ದ್ವೀಪದ ಹೆಸರು ಸವಾಯಿ. ಲಾವಾ ಹರಿದು ಹೆಪ್ಪುಗಟ್ಟಿದ ನೆಲ ಅದು. 1905ರಿಂದ 1911ರವರೆಗೂ ಅಲ್ಲಿ ಜ್ವಾಲಾಮುಖಿ ಉಗುಳುತ್ತಿತ್ತು. ಮಳೆ ಧಾರಾಳ, ಆದರೆ ತೂತುತೂತಾದ ಕಲ್ಲು ಬಿದ್ದ ನೀರನ್ನೆಲ್ಲ ನುಂಗಿಬಿಡುತ್ತದೆ. ಹರಿಯುವ ಹೊಳೆಗಳು ಕಡಿಮೆ. ಸೂರಿನ ನೀರನ್ನು ತೊಟ್ಟಿಗೆ ಹಿಡಿದು ಬಾಳುವ ಮನೆಗಳು ಅನೇಕ.

ಸವಾಯಿಯ ಪಶ್ಚಿಮ ತುದಿಯಲ್ಲಿ ಫಲೆಯಲುಪೊ ಎಂಬ ಹಳ್ಳಿ. ಸತ್ತವರ ಆತ್ಮಗಳು ಪರಲೋಕಕ್ಕೆ ಇಳಿಯುವ ಬಾಗಿಲು ಅಲ್ಲಿದೆ ಎಂಬುದು ಸಮೋವಾದ ಹಳೆಯ ನಂಬಿಕೆ. ನಫನುವ ಎಂಬ ಯುದ್ಧದೇವತೆಯ ಊರೂ ಅದೇ. ಊರಿನ ಹಿಂದೆ ಸುಮಾರು 30 ಸಾವಿರ ಎಕರೆ ಮಳೆಕಾಡು. ಕಾಡು ಸರಕಾರದ್ದಲ್ಲ, ಯಾವುದೇ ಒಬ್ಬನದ್ದೂ ಅಲ್ಲ. ಸಮೋವಾದಲ್ಲಿ ನೆಲದ ಬಹುಭಾಗ, ಐದರಲ್ಲಿ ನಾಲ್ಕು ಪಾಲು, ಇಂದಿಗೂ ಕುಟುಂಬಗಳ ಮತ್ತು ಊರಿನ ವಹಿವಾಟಿನಲ್ಲಿದೆ. ಮತಾಯಿ ಎಂದು ಕರೆಯುವ ಮುಖಂಡರು ಫೋನೋ ಎಂಬ ಸಭೆಯಲ್ಲಿ ಕೂತು ತೀರ್ಮಾನಿಸುತ್ತಾರೆ. ಗುತ್ತಿನವರು, ಊರ ಹತ್ತು ಸಮಸ್ತರು ಕೂತು ಮಾತಾಡುವ ಪದ್ಧತಿ ಬಲ್ಲ ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

1980ರ ದಶಕದಲ್ಲಿ ಆ ಊರಿಗೆ ಪಾಲ್ ಅಲನ್ ಕಾಕ್ಸ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞರು ಹೆಂಡತಿ ಮಕ್ಕಳೊಂದಿಗೆ ಬಂದು ನೆಲೆಸಿದರು. ಅವರ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ನಾಟಿ ವೈದ್ಯದಲ್ಲಿ ಆ ರೋಗಕ್ಕೆ ಏನಾದರೂ ಸಿಕ್ಕೀತೇ ಎಂಬುದು ಅವರ ಹುಡುಕಾಟ. ಯುವಕರಾಗಿದ್ದಾಗಲೇ ಸಮೋವಾದಲ್ಲಿ ಇದ್ದವರಾದ್ದರಿಂದ ಅಲ್ಲಿನ ಭಾಷೆ ಬಲ್ಲವರು. ಎಪೆನೇಸ ಮಾವುಯಿಗೋವ ಎಂಬ ವೃದ್ಧೆ ಅವರಿಗೆ ಮಮಾಲ ಎಂಬ ಮರದ ತೊಗಟೆಯನ್ನು ತೋರಿಸಿದರು. ಕಾಮಾಲೆ ಬಂದವರಿಗೆ ಅದನ್ನು ನೀರಿನಲ್ಲಿ ಹಾಕಿ ಕುಡಿಸುತ್ತಿದ್ದರು. ಆ ತೊಗಟೆಯಿಂದ ಬೇರ್ಪಡಿಸಿದ ಪ್ರಾಸ್ಟ್ರಾಟಿನ್ ಎಂಬ ವಸ್ತು ಏಡ್ಸ್ ವೈರಸ್ಸಿನ ಮೇಲೆ ಪರಿಣಾಮ ಬೀರುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಗೊತ್ತಾಗಿ, 1992ರಲ್ಲಿ ಪ್ರಕಟವಾಯಿತು. ಅದು ಇನ್ನೂ ಔಷಧಿಯಾಗಿ ಅಂಗಡಿಗೆ ಬಂದಿಲ್ಲ, ಬಂದರೆ ಗಳಿಕೆಯಲ್ಲಿ ಸಮೋವಾಕ್ಕೂ ಪಾಲಿರಬೇಕೆಂಬ ಒಪ್ಪಂದಗಳು 2001ರಲ್ಲೂ 2004ರಲ್ಲೂ ಆಗಿವೆ. ಆ ಕತೆ ಇನ್ನೊಂದು ಭಾಷಣಕ್ಕಾಗುವಷ್ಟು ದೊಡ್ಡದು, ಇಲ್ಲಿಗೆ ಬಿಡುತ್ತೇನೆ.

1988ರಲ್ಲಿ ಊರಿಗೆ ಒಂದು ಕಷ್ಟ ಬಂತು. ಒಳ್ಳೆಯ ಶಾಲಾ ಕಟ್ಟಡ ಕಟ್ಟದಿದ್ದರೆ ಶಾಲೆಯೇ ಇಲ್ಲದಂತಾಗುತ್ತದೆ ಎಂದು ಸರಕಾರದಿಂದ ಸೂಚನೆ. ಊರಲ್ಲಿ ಅಷ್ಟು ದುಡ್ಡು ಎಲ್ಲಿದೆ? ಮಾರಲು ಇದ್ದದ್ದು ಕಾಡೊಂದೇ. ಮುಖಂಡರು ಮರ ಕಡಿಯುವ ಕಂಪೆನಿಯೊಂದಕ್ಕೆ ಕಾಡನ್ನು ಕೊಟ್ಟರು. ಕೊಡಲಿ ಬೀಳಲು ಶುರುವಾಯಿತು. ಕಾಡು ಬೇಡವಾಗಿ ಕೊಟ್ಟದ್ದಲ್ಲ. ಮಕ್ಕಳಿಗೆ ಶಾಲೆ ಬೇಕಾಗಿ ಕೊಟ್ಟದ್ದು. ಈ ಮಾತನ್ನು ಗಮನಿಸಬೇಕು. ಹಳ್ಳಿಯವರಿಗೆ ಪರಿಸರ ಜ್ಞಾನವಿಲ್ಲ, ಅವರಿಗೆ ತಿಳಿವಳಿಕೆ ಕೊಡಬೇಕು ಎಂದು ಪಟ್ಟಣದಿಂದ ಹೊರಡುವವರಿದ್ದಾರಲ್ಲ, ಅವರಿಗೆ ಫಲೆಯಲುಪೊದ ಈ ಲೆಕ್ಕವನ್ನು ಒಮ್ಮೆ ತೋರಿಸಬೇಕು.

ಶಾಲೆಯ ದುಡ್ಡನ್ನು ತಾನೇ ಹೊಂದಿಸಿಕೊಡುತ್ತೇನೆ, ಕಡಿಯುವುದನ್ನು ನಿಲ್ಲಿಸಿ ಎಂದು ಕಾಕ್ಸ್ ಸಭೆಗೆ ಹೇಳಿದರು. ಪರಕೀಯನೊಬ್ಬ ಕಾಡು ಕೇಳುತ್ತಿದ್ದಾನೆ ಎಂದರೆ ಸಂಶಯ ಬರುವುದು ಸಹಜ. ಹಿಂದೆ ಬಿಳಿಯರು ಬಂದು ಕೇಳಿದ್ದನ್ನು ಕೊಟ್ಟು ಕೈಸುಟ್ಟುಕೊಂಡ ಜನರಲ್ಲವೇ ಅವರು? ಕಾಕ್ಸ್ ತನಗಾಗಿ ಏನನ್ನೂ ಕೇಳಲಿಲ್ಲ. ಕಾಡು ಊರಿನದ್ದೇ, ಊರಿನ ಹೆಸರಲ್ಲೇ ಇರುತ್ತದೆ. 50 ವರ್ಷ ವ್ಯಾಪಾರಕ್ಕಾಗಿ ಕಡಿಯಬಾರದು. ಮದ್ದಿನ ಗಿಡ ತರಬಹುದು, ದೋಣಿಗೆ ಮರ ಕಡಿದುಕೊಳ್ಳಬಹುದು, ತಮ್ಮ ಕಟ್ಟುಕಟ್ಟಳೆಗೆ ಬೇಕಾದ್ದನ್ನು ಪಡೆಯಬಹುದು. ಮುಖಂಡರು ಒಪ್ಪಿದಾಗ ಫುಯಿಯೋನೊ ಸೆನಿಯೊ ಎಂಬ ಮತಾಯಿ ಓಡುತ್ತ ಕಾಡಿಗೆ ಹೋಗಿ ಬುಲ್ಡೋಜರುಗಳನ್ನು ನಿಲ್ಲಿಸಿದರು ಎಂದು ಹೇಳುತ್ತಾರೆ. 1989ರಲ್ಲಿ ಒಡಂಬಡಿಕೆಯಾಯಿತು. 1997ರಲ್ಲಿ ಕಾಕ್ಸ್ ಮತ್ತು ಫುಯಿಯೋನೊ ಇಬ್ಬರಿಗೂ ಸೇರಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಇಬ್ಬರಿಗೂ ಬಂತು ಎಂಬುದು ನನಗೆ ಮುಖ್ಯವಾಗಿ ತೋರುತ್ತದೆ. ಹೊರಗಿನಿಂದ ಬಂದವನಿಗೆ ಹಾರ, ಊರಿನವನಿಗೆ ಚಪ್ಪಾಳೆ ತಟ್ಟುವ ಕೆಲಸ ಎಂಬುದು ಇಲ್ಲಿ ಆಗಲಿಲ್ಲ.

ಒಡಂಬಡಿಕೆ ಮರ ಕಡಿಯುವವರನ್ನು ತಡೆಯಿತು. ಗಾಳಿಯನ್ನು ತಡೆಯುವುದು ಯಾರಿಂದ ಸಾಧ್ಯ? 1990ರ ಫೆಬ್ರವರಿಯಲ್ಲಿ ಓಫಾ ಎಂಬ ಚಂಡಮಾರುತ, 1991ರ ಡಿಸೆಂಬರಿನಲ್ಲಿ ವಾಲ್ ಎಂಬ ಇನ್ನೊಂದು. ಕಾಡು ನೆಲಕಚ್ಚಿತು, ಕಡಲ ಕರೆಯ ಊರು ಹಾಳಾಯಿತು, ಜನ ಒಳನಾಡಿಗೆ ಸರಿದು ಮನೆ ಕಟ್ಟಿಕೊಂಡರು. ಹಳೆಯ ಊರಿನ ಇಗರ್ಜಿಯ ಗೋಡೆಗಳು ಸಮುದ್ರದ ಬದಿಯಲ್ಲಿ ಪಾಳುಬಿದ್ದು ನಿಂತಿವೆ. ಬಿದ್ದ ಕಾಡು ಮತ್ತೆ ಚಿಗುರುವುದಕ್ಕೆ ಸಮಯ ಸಿಕ್ಕಿತು ಎನ್ನುವುದಾದರೆ ಅದು ಒಡಂಬಡಿಕೆಯಿಂದ. ಅದಿಲ್ಲದಿದ್ದರೆ ಬಿದ್ದ ಮರದ ಜತೆಗೆ ನಿಂತ ಮರವೂ ಲಾರಿ ಏರುತ್ತಿತ್ತು.

ಇದೇ ಅನುಭವದಿಂದ 1991ರಲ್ಲಿ ಸೀಕಾಲಜಿ ಎಂಬ ಸಂಸ್ಥೆ ಹುಟ್ಟಿತು. ಅದರ ಮನೆ ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಕೆಲಸ ಮಾತ್ರ ದ್ವೀಪಗಳಲ್ಲಿ. ಊರಿಗೆ ಏನು ಬೇಕು ಎಂದು ಊರನ್ನೇ ಕೇಳುವುದು, ಅದಕ್ಕೆ ಬದಲಾಗಿ ಏನನ್ನು ಉಳಿಸುತ್ತೀರಿ ಎಂದು ಕೇಳುವುದು, ಇದೇ ಅವರ ಪದ್ಧತಿ. ಫಲೆಯಲುಪೊದಲ್ಲಿ ಶಾಲೆ ಬೇಕಾಗಿತ್ತು. ಬೇರೆ ಹಲವು ದ್ವೀಪಗಳಲ್ಲಿ ಕೇಳಿದಾಗ ಬಂದ ಉತ್ತರಗಳಲ್ಲಿ ನೀರು ಮತ್ತೆ ಮತ್ತೆ ಇತ್ತು. ಮಳೆನೀರಿನ ತೊಟ್ಟಿ, ಒರತೆಗೆ ಕಟ್ಟೆ, ಗುಡ್ಡದಿಂದ ಇಳಿಜಾರಿಗೆ ತನ್ನಷ್ಟಕ್ಕೆ ಹರಿದು ಬರುವ ಕೊಳವೆ.

ನೀರನ್ನು ಕೊಟ್ಟು ಕಾಡನ್ನು ಕೇಳುವುದರಲ್ಲಿ ಶಾಲೆ ಕೊಟ್ಟು ಕೇಳುವುದರಲ್ಲಿ ಇಲ್ಲದ ಒಂದು ಗುಣವಿದೆ. ಶಾಲೆಗೂ ಕಾಡಿಗೂ ನೇರ ಸಂಬಂಧವಿಲ್ಲ. ಶಾಲೆ ಕಟ್ಟಿದ ಮೇಲೆ ಕಾಡು ಕಡಿದರೆ ಶಾಲೆ ಬೀಳುವುದಿಲ್ಲ. ಒರತೆಯ ಕೊಳವೆ ಹಾಗಲ್ಲ. ಮೇಲಿನ ಕಾಡು ಹೋದರೆ ಮೊದಲ ಮಳೆಗೇ ನಲ್ಲಿಯಲ್ಲಿ ಕೆಸರು ಬರುತ್ತದೆ. ಕಾವಲುಗಾರ ಬೇಡ, ದಂಡ ಬೇಡ. ಬಿಂದಿಗೆ ಹಿಡಿದ ಹೆಂಗಸು ಸಂಜೆಯೊಳಗೆ ಯಾರು ಕಡಿದದ್ದು ಎಂದು ಕೇಳಿಯೇ ಕೇಳುತ್ತಾಳೆ.

ಆದರೆ ನೀರಿಗೆ ಒಂದು ಅವಗುಣವೂ ಇದೆ. ಶಾಲೆಯ ಗೋಡೆ ಒಮ್ಮೆ ಕಟ್ಟಿದರೆ ಮೂವತ್ತು ವರ್ಷ ನಿಲ್ಲುತ್ತದೆ. ನೀರಿನ ವ್ಯವಸ್ಥೆ ದಿನವೂ ಸವೆಯುತ್ತದೆ. ವಾಶರು ಹೋಗುತ್ತದೆ, ಕೊಳವೆ ಒಡೆಯುತ್ತದೆ, ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉದುರುತ್ತದೆ, ತೊಟ್ಟಿಯೊಳಗೆ ಇಲಿ ಬೀಳುತ್ತದೆ. ಡೀಸೆಲ್ ಪಂಪು ಕೊಟ್ಟಿದ್ದರೆ ಡೀಸೆಲ್ ತರುವ ದೋಣಿ ತಿಂಗಳಿಗೊಮ್ಮೆ ಬರುತ್ತದೋ ಇಲ್ಲವೋ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿದವರು ಆಮೇಲೆ ವಾಶರು ತರಲು ಬರುವುದಿಲ್ಲ. ಹಳ್ಳಿಯವರು 20 ವರ್ಷ ಕಾಡು ಕಾಯುತ್ತೇವೆ ಎಂದು ಮಾತು ಕೊಟ್ಟಿದ್ದಾರೆ, ತೊಟ್ಟಿ ಐದನೆಯ ವರ್ಷಕ್ಕೆ ಬಿರುಕು ಬಿಟ್ಟಿದೆ. ಆಗ ಮಾತು ತಪ್ಪಿದವರು ಯಾರು? ಕಾಗದದಲ್ಲಿ ಇದಕ್ಕೆ ಉತ್ತರ ಇರಬೇಕು. ರಿಪೇರಿಯ ದುಡ್ಡು ಯಾರ ಕೈಯಲ್ಲಿ, ಬೀಗದ ಕೈ ಯಾರ ಮನೆಯಲ್ಲಿ, ಕೊಳವೆ ಜೋಡಿಸಲು ಊರಲ್ಲಿ ಕಲಿತವರು ಯಾರು ಎಂಬುದನ್ನು ಮೊದಲ ದಿನವೇ ಬರೆದುಕೊಂಡ ಒಪ್ಪಂದಗಳೇ ಬಾಳುವಂಥವು.

ಕಾಸರಗೋಡಿನ ಕಡೆಯ ಕೇಳುಗರಿಗೆ ಕಟ್ಟಗಳ ನೆನಪಿರಬೇಕು. ಮಳೆಗಾಲ ಕಳೆದ ಮೇಲೆ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುವ ಕಟ್ಟ ಪ್ರತಿ ವರ್ಷ ಕಟ್ಟಿದರೇ ಉಂಟು. ತೋಟದವರೆಲ್ಲ ಸೇರಿ ಕಟ್ಟಬೇಕು, ಯಾರ ಪಾಲು ಎಷ್ಟು ಎಂಬುದು ಕಾಗದದಲ್ಲಿ ಇಲ್ಲದಿದ್ದರೂ ತಲೆಯಲ್ಲಿ ಇರುತ್ತದೆ. ಏತಡ್ಕದಂಥ ಕಡೆಗಳಲ್ಲಿ ಅದು ಉಳಿದುಬಂದದ್ದು ಈ ಒಟ್ಟುಗೂಡುವಿಕೆಯಿಂದಲೇ. ಹೊರಗಿನವರು ಕಟ್ಟಿಸಿಕೊಟ್ಟ ಕಿಂಡಿ ಅಣೆಕಟ್ಟಿಗೆ ಸಮಯಕ್ಕೆ ಹಲಗೆ ಹಾಕುವವರಿಲ್ಲದೆ ನೀರು ಹರಿದುಹೋದದ್ದನ್ನು ನೀವು ಎಷ್ಟು ಕಡೆ ನೋಡಿಲ್ಲ?

ಇನ್ನು ಈ ವ್ಯವಹಾರ ಕೆಟ್ಟರೆ ಹೇಗಿರುತ್ತದೆ ಎಂಬುದಕ್ಕೆ ಕಿರಿಬಾಸ್ ದೇಶದ ತರಾವ ದ್ವೀಪ ಒಳ್ಳೆಯ ಉದಾಹರಣೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಕಿರಿಬಾಸ್ ಸ್ವತಂತ್ರವಾದದ್ದು 1979ರಲ್ಲಿ. ಬ್ರಿಟಿಷರ ಕಾಲದಲ್ಲಿ ಅದಕ್ಕೆ ಗಿಲ್ಬರ್ಟ್ ದ್ವೀಪಗಳೆಂಬ ಹೆಸರು. ರಾಜಧಾನಿ ತರಾವ ಹವಳದ ದ್ವೀಪ. ಉದ್ದಕ್ಕೆ ಹಾರದಂತೆ ಚಾಚಿಕೊಂಡಿದೆ, ಅಗಲ ಬಹುತೇಕ ಕಡೆ ಕೆಲವೇ ನೂರು ಮೀಟರ್. ಅದರ ದಕ್ಷಿಣ ಭಾಗದಲ್ಲಿ ಇಂದು 60 ಸಾವಿರಕ್ಕೂ ಹೆಚ್ಚು ಜನ. 1977ರಲ್ಲಿ ಅಲ್ಲಿ ಕಾಲರಾ ಬಂತು. ಮನೆಗಳ ನಡುವಿನ ಬಾವಿನೀರೇ ಮೃತ್ಯುವಾಯಿತು. ಅದಾದ ಮೇಲೆ ಕೊಳವೆ ನೀರಿನ ವ್ಯವಸ್ಥೆಗೆ ಗಟ್ಟಿಯಾಗಿ ಕೈಹಾಕಿದರು.

ಕೊಳವೆಗೆ ನೀರು ಎಲ್ಲಿಂದ? ದ್ವೀಪದ ಅಗಲವಾದ ಜಾಗದಲ್ಲಿ ಮಾತ್ರ ಮಸೂರ ದಪ್ಪವಿರುತ್ತದೆ. ಬೊನ್ರಿಕಿ ಎಂಬ ಕಡೆ, ವಿಮಾನ ನಿಲ್ದಾಣದ ಬದಿಯಲ್ಲಿ, ಮತ್ತು ಅದರ ಪಕ್ಕದ ಬುವೋಟದಲ್ಲಿ ಅಂಥ ಜಾಗವಿತ್ತು. ಅವನ್ನು ಸರಕಾರ ನೀರಿನ ಮೀಸಲು ಎಂದು ಸಾರಿತು. ಮನೆ ಕಟ್ಟಬಾರದು, ವಾಸಿಸಬಾರದು. ಜಾಗದ ಒಡೆಯರಿಗೆ ವರ್ಷ ವರ್ಷ ಬಾಡಿಗೆ ಕೊಡಲಾಯಿತು.

ನೀರೆತ್ತುವ ಉಪಾಯ ಮೆಚ್ಚಬೇಕಾದ್ದು. ಕೊಳವೆಬಾವಿ ಕೊರೆದರೆ ಕೆಳಗಿನ ಉಪ್ಪುನೀರು ಶಂಕುವಿನಂತೆ ಮೇಲೇರಿ ಬಾವಿಗೆ ಬರುತ್ತದೆ. ಅದಕ್ಕಾಗಿ ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ, ತೂತುಗಳಿರುವ ಕೊಳವೆಗಳನ್ನು ಉದ್ದಕ್ಕೆ ಅಡ್ಡ ಮಲಗಿಸಿದರು. ಹಾಲಿನ ಮೇಲಿನ ಕೆನೆಯನ್ನು ಮಾತ್ರ ತೆಗೆದಂತೆ ಮೇಲಿನ ಸಿಹಿನೀರನ್ನು ಮಾತ್ರ, ನಿಧಾನವಾಗಿ, ಅಗಲ ಜಾಗದಿಂದ ಸೆಳೆಯುವುದು. ನಮ್ಮ ಸುರಂಗದ ನೆನಪಾಗುವುದಿಲ್ಲವೇ? ಮುರಕಲ್ಲಿನ ಗುಡ್ಡಕ್ಕೆ ಒಬ್ಬ ಆಳು ಬಗ್ಗಿ ಹೋಗುವಷ್ಟು ಮಾತ್ರ ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಒಸರಿದಷ್ಟೇ ತೆಗೆದುಕೊಂಡು ಮಣ್ಣಿನ ಹೊಂಡದಲ್ಲಿ ತುಂಬಿಸಿಕೊಳ್ಳುವುದು. ಎರಡೂ ಕಡೆ ತತ್ತ್ವ ಒಂದೇ. ನೀರು ಕೊಟ್ಟಷ್ಟನ್ನು ಪಡೆ, ಕಿತ್ತುಕೊಳ್ಳಬೇಡ.

ಉಪಾಯ ಒಳ್ಳೆಯದಾದರೂ ಒಪ್ಪಂದ ಒಳ್ಳೆಯದಾಗಲಿಲ್ಲ. ಕಿರಿಬಾಸಿನವರಿಗೆ ನೆಲವೆಂದರೆ ಬರೀ ಆಸ್ತಿಯಲ್ಲ. ನೀರಿನ ಮಟ್ಟದವರೆಗೆ ಹೊಂಡ ತೋಡಿ ಅದರಲ್ಲಿ ಬಬಾಯಿ ಎಂಬ ದೊಡ್ಡ ಕೆಸುವನ್ನು ಬೆಳೆಸುತ್ತಾರೆ. ಮದುವೆ, ಹಬ್ಬ, ಅತಿಥಿ ಸತ್ಕಾರಗಳಲ್ಲಿ ಬಬಾಯಿ ಇಲ್ಲದಿದ್ದರೆ ಮನೆತನದ ಮಾನ ಹೋದಂತೆ. ಮೀಸಲಿನ ಜಾಗದಲ್ಲಿ ಅಂಥ ಬೇಸಾಯಕ್ಕೆ ಕಟ್ಟುಪಾಡು ಬಂತು. ಬಾಡಿಗೆ ಸಾಲದು ಎಂಬ ದೂರು ಬಂತು. ತಮ್ಮ ನೆಲದ ಅಡಿಯ ನೀರು ತಮ್ಮದೇ ಎಂಬುದು ಅವರ ಭಾವನೆ. ನೀರು ಎಲ್ಲರದ್ದು ಎಂಬುದು ಸರಕಾರದ ವಾದ. ಜನ ಮೀಸಲಿನೊಳಗೆ ಮನೆ ಮಾಡಿದರು, ಹಂದಿ ಕಟ್ಟಿದರು, ಸಲಕರಣೆಗಳನ್ನು ಒಡೆದದ್ದೂ ಉಂಟು. ಇದಕ್ಕೂ ಮೊದಲು ಬೆಟಿಯೊ ಮೊದಲಾದ ಕಡೆ ಗುರುತಿಸಿದ್ದ ನೀರಿನ ಜಾಗಗಳು ಮನೆಗಳ ಕೊಳೆಯಿಂದ ಕೆಟ್ಟು ಕೈಬಿಟ್ಟುಹೋಗಿದ್ದವು. 2019ರಲ್ಲಿ ದಕ್ಷಿಣ ತರಾವಕ್ಕೆ ಸಮುದ್ರದ ನೀರನ್ನು ಸಿಹಿಮಾಡುವ ದೊಡ್ಡ ಯೋಜನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಒಪ್ಪಿಗೆ ಕೊಟ್ಟಿತು.

ಫಲೆಯಲುಪೊದಲ್ಲೂ ತರಾವದಲ್ಲೂ ಉಳಿಸಲು ಹೊರಟದ್ದು ಜನರ ನೆಲವನ್ನೇ. ಒಂದು ಕಡೆ ಊರು ತನ್ನ ಸಭೆಯಲ್ಲಿ ಕೂತು ಒಪ್ಪಿತು, ಅದಕ್ಕೆ ಸಿಕ್ಕ ಫಲ ಅದೇ ಊರಿನ ಮಕ್ಕಳಿಗೆ ಸಿಕ್ಕಿತು. ಇನ್ನೊಂದು ಕಡೆ ಆಜ್ಞೆ ಬಂತು. ನೆಲ ಬಿಟ್ಟವರು ಒಬ್ಬರು, ನೀರು ಕುಡಿದವರು ಇನ್ನೊಬ್ಬರು. ಪಟ್ಟಣದ ಅರವತ್ತು ಸಾವಿರ ಜನರ ಬಾಯಾರಿಕೆಯನ್ನು ಕೆಲವೇ ಮನೆತನಗಳ ತಲೆಗೆ ಕಟ್ಟಿ, ವರ್ಷಕ್ಕೊಮ್ಮೆ ಬಾಡಿಗೆ ಎಣಿಸಿದರೆ ಅದನ್ನು ವಿನಿಮಯ ಎನ್ನಲಾಗದು. ಅಣೆಕಟ್ಟಿಗಾಗಿ ಊರು ಬಿಟ್ಟವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಕುಡಿಯುವ ನೀರನ್ನು ಪಡೆಯಲು ಒಬ್ಬ ಮನುಷ್ಯ ಏನನ್ನಾದರೂ ಬಿಟ್ಟುಕೊಡಬೇಕೇ? 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ಕುಡಿಯುವ ನೀರು ಮನುಷ್ಯನ ಹಕ್ಕು ಎಂದು ನಿರ್ಣಯ ಮಾಡಿತು. ಪಟ್ಟಣದಲ್ಲಿ ಇರುವ ನಿಮಗೂ ನನಗೂ ನಲ್ಲಿ ಹಾಕಿಸುವಾಗ ಯಾರೂ ಬಂದು, ಇದಕ್ಕೆ ಬದಲಾಗಿ ನೀನು ಏನನ್ನು ಉಳಿಸುತ್ತೀ ಎಂದು ಕೇಳಲಿಲ್ಲ. ಬಡ ದ್ವೀಪದವನನ್ನು ಮಾತ್ರ ಏಕೆ ಕೇಳಬೇಕು? ಈ ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ. ಸರಕಾರ ಮಾಡಬೇಕಾದ ಕೆಲಸವನ್ನು ಮಾಡಿದ್ದರೆ ಫಲೆಯಲುಪೊದವರು ಕಾಡನ್ನು ಮಾರುವ ಪ್ರಸಂಗವೇ ಬರುತ್ತಿರಲಿಲ್ಲ.

ಹಾಗಿದ್ದರೂ ಒಂದು ಮಾತು. ಕಾಡಿಗೆ ಬೆಲೆ ಕಟ್ಟುವ ಕೆಲಸವನ್ನು ಮೊದಲು ಮಾಡಿದವನು ಮರದ ವ್ಯಾಪಾರಿ. ಅವನು ಬರುವ ಹೊತ್ತಿಗೆ ಹಕ್ಕಿನ ಮಾತು ಊರಿನ ತನಕ ಬಂದಿರಲಿಲ್ಲ, ಇನ್ನೂ ಎಷ್ಟೋ ಕಡೆ ಬಂದಿಲ್ಲ. ಹಕ್ಕು ಬರುವವರೆಗೆ ಕಾಡು ಕಾಯುವುದಿಲ್ಲ. ಆದ್ದರಿಂದ ನಾನು ಇಂಥ ಒಪ್ಪಂದಗಳ ಪರವೇ. ಆದರೆ ಒಂದು ಷರತ್ತು ಇರಬೇಕು. ಊರವರು ಮಾತು ತಪ್ಪಿದರೂ ಕುಡಿಯುವ ನೀರನ್ನು ಕಡಿಯುತ್ತೇವೆ ಎಂಬ ಬೆದರಿಕೆ ಕಾಗದದಲ್ಲಿ ಬರಬಾರದು. ಮುಂದಿನ ಸಹಾಯ ನಿಲ್ಲಲಿ, ನಲ್ಲಿ ನಿಲ್ಲಬಾರದು.

ಕಾಡು, ನೆಲ ಯಾವುದೂ ಬೇಡ, ಯಂತ್ರ ತಂದು ಕಡಲನ್ನೇ ಕುಡಿಯೋಣ ಎನ್ನುವವರೂ ಇದ್ದಾರೆ. ನಮ್ಮ ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಅಂಥ ಸ್ಥಾವರ ಹಾಕಿದರು. ಕಡಲ ಮೇಲಿನ ನೀರು ಬೆಚ್ಚಗೆ, ಆಳದ ನೀರು ತಣ್ಣಗೆ. ಆ ವ್ಯತ್ಯಾಸವನ್ನೇ ಬಳಸಿ ಆವಿ ಮಾಡಿ, ಆವಿಯನ್ನು ತಣಿಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು. 2011ರಲ್ಲಿ ಮಿನಿಕಾಯ್, ಅಗತ್ತಿಗಳಲ್ಲೂ ಆಯಿತು. ಜಾಣತನದ ಕೆಲಸ, ಸಂಶಯವಿಲ್ಲ. ಆದರೆ ಮಾಲ್ಡೀವ್ಸಿನ ರಾಜಧಾನಿ ಮಾಲೆಯಲ್ಲಿ 2014ರ ಡಿಸೆಂಬರಿನಲ್ಲಿ ನಡೆದದ್ದು ನೆನಪಿರಲಿ. ಅಲ್ಲಿ ನೆಲದ ನೀರು ಹಿಂದೆಯೇ ಕೆಟ್ಟಿತ್ತು, ಊರಿಗೆ ಊರೇ ಯಂತ್ರವನ್ನು ನಂಬಿತ್ತು. ಸ್ಥಾವರಕ್ಕೆ ಬೆಂಕಿ ಬಿತ್ತು. ನಲ್ಲಿಗಳು ನಿಂತವು. ಭಾರತ ವಿಮಾನದಲ್ಲಿ, ಹಡಗಿನಲ್ಲಿ ಕುಡಿಯುವ ನೀರು ಕಳಿಸಬೇಕಾಯಿತು. ಕೆಟ್ಟ ಮಸೂರಕ್ಕೆ ಬದಲಿ ಯಂತ್ರ ಸಿಕ್ಕೀತು, ಕೆಟ್ಟ ಯಂತ್ರಕ್ಕೆ ಬದಲಿ ಬೇಕೆಂದರೆ ಮಸೂರ ಉಳಿದಿರಬೇಕಲ್ಲ.

ನೆರೆಯ ಶ್ರೀಲಂಕಾದಲ್ಲಿ ಈ ವ್ಯವಹಾರ ಇನ್ನೊಂದು ರೂಪ ಪಡೆಯಿತು. 2015ರಲ್ಲಿ ಸೀಕಾಲಜಿ, ಅಲ್ಲಿನ ಸುದೀಸ ಎಂಬ ಸಂಸ್ಥೆ ಮತ್ತು ಸರಕಾರ ಸೇರಿ ದೇಶದ ಎಲ್ಲ ಕಾಂಡ್ಲಾ ಕಾಡನ್ನು, ಸುಮಾರು 8,800 ಹೆಕ್ಟೇರನ್ನು, ಕಾಪಾಡುವ ಯೋಜನೆ ಕೈಗೊಂಡವು. ಅಲ್ಲಿ ಬದಲಿಗೆ ಕೊಡಲು ಹೊರಟದ್ದು ಕಟ್ಟಡವಲ್ಲ, ನೀರಲ್ಲ. ಹಿನ್ನೀರಿನ ಬದಿಯ 15 ಸಾವಿರ ಬಡ ಹೆಂಗಸರಿಗೆ ಸಣ್ಣ ವ್ಯಾಪಾರಕ್ಕೆ ತರಬೇತಿ ಮತ್ತು ಸಣ್ಣ ಸಾಲ. ಕಾಂಡ್ಲಾ ಕಡಿದು ಸೌದೆ ಮಾರುವ ಕೈಗೆ ಬೇರೆ ಕೆಲಸ. ಕಟ್ಟಿಸಿಕೊಟ್ಟು ಹೋಗುವ ಕೆಲಸಕ್ಕಿಂತ ಇದು ಕಷ್ಟದ್ದು, ವರ್ಷಗಟ್ಟಲೆ ಮನೆಮನೆಗೆ ಹೋಗಬೇಕಾದದ್ದು. ತೊಟ್ಟಿ ಬಿರುಕು ಬಿಡುವ ತಾಪತ್ರಯ ಇದರಲ್ಲಿ ಇಲ್ಲ, ಸಾಲ ವಾಪಸು ಬಾರದ ತಾಪತ್ರಯ ಇರಬಹುದು.

ಮತ್ತೆ ಫಲೆಯಲುಪೊದ ಕಾಗದದ ಒಂದು ಸಂಗತಿ ಹೇಳಬೇಕಾದದ್ದು ಉಳಿದಿದೆ. 1989ಕ್ಕೆ 50 ಸೇರಿಸಿ: 2039. ಅಂದು ಸಭೆಯಲ್ಲಿ ಕೂತು ಒಪ್ಪಿದ ಮುಖಂಡರ ಪೈಕಿ ಅಷ್ಟು ಹೊತ್ತಿಗೆ ಇರುವವರು ಯಾರೂ ಇರಲಾರರು. ಆ ಶಾಲೆಯಲ್ಲಿ ಮೊದಲ ಅಕ್ಷರ ಕಲಿತ ಮಕ್ಕಳಿಗೆ ಆಗ ಐವತ್ತು ದಾಟಿರುತ್ತದೆ; ಅವರಲ್ಲಿ ಕೆಲವರು ಮತಾಯಿಗಳಾಗಿ ಅದೇ ಫೋನೋದಲ್ಲಿ ಕೂತಿರುತ್ತಾರೆ. ಕಾಡನ್ನು ಮುಂದೆ ಏನು ಮಾಡುವುದು ಎಂಬ ತೀರ್ಮಾನ ಆಗ ಅವರದು.